ಯಂತ್ರಕ್ಕೂ ಅಕ್ಕನಿಗೂ ಪಂದ್ಯ

ಮಂಗಳಕ್ಕೆ ಹೊರಟ ನೌಕೆಯಲ್ಲಿ ಇದ್ದದ್ದು ಒಂದೇ ಜಾಗ. ಮನುಷ್ಯ ಹೋಗಬೇಕು, ಇಲ್ಲವೇ ಯಂತ್ರ. ಯಂತ್ರ ಗೆದ್ದರೆ ಗಗನಯಾತ್ರಿಗಳ ಉಡುಪು ಹೊಲಿಯುವ ವಿಭಾಗಕ್ಕೆ ಬೀಗ. ಅಲ್ಲಿ ಕೈಗವಸು ಹೊಲಿಯುವವಳು ಅಕ್ಕ. ಯಂತ್ರ ಓಡಿಸುವವನು ಅವಳ ಒಡಹುಟ್ಟಿದ ತಮ್ಮ. ತೀರ್ಮಾನಿಸುವವರು ಗಾಜಿನ ಹಿಂದೆ ತಣ್ಣಗೆ ಕೂತಿದ್ದರು. ಜೀವಮಾನದಲ್ಲಿ ಒಂದು ಸೂಜಿಗೆ ದಾರ ಪೋಣಿಸಿದವರಲ್ಲ, ಬೀಗ ಹಾಕಲು ಮಾತ್ರ ಎಲ್ಲರೂ ಮುಂದು.

ಪಂದ್ಯದ ಷೆಡ್ಡಿನ ತುಂಬ ಮಂಗಳದಲ್ಲಿರುವಂಥ ಮರಳು, ಕಲ್ಲು. ಅದರಲ್ಲೆಲ್ಲೋ ನೀರಿನ ಗುರುತಿದ್ದ ಒಂದು ಕಲ್ಲನ್ನು ಬಚ್ಚಿಟ್ಟಿದ್ದರು. ಮೊದಲು ಹೆಕ್ಕಿದವರು ಗೆದ್ದಂತೆ. ಹೊಲಿದವರೇ ಮೊದಲು ತೊಡಬೇಕೆಂಬುದು ವಿಭಾಗದ ಕಟ್ಟಳೆ. ಹಾಗಾಗಿ ಉಡುಪಿನೊಳಗೆ ಅಕ್ಕನೇ ಇದ್ದಳು.

"ಅಕ್ಕಾ, ಸೋತ್ರೆ ಮನೇಲಿ ಮುಖ ಊದಿಸ್ಕೊಂಡು ಕೂರಬಾರ್ದು," ಹೆಲ್ಮೆಟ್ಟಿನೊಳಗೆ ತಮ್ಮನ ದನಿ.

"ನಿನ್ನ ಡಬ್ಬ ಮೊದ್ಲು ನೆಟ್ಟಗೆ ತಿರುಗ್ಲಿ ಬಿಡೋ."

ಡಬ್ಬ ಒಂದೊಂದು ಕಲ್ಲಿನ ಮುಂದೂ ನಿಂತು, ನೋಡಿ, ಯೋಚಿಸಿ, ತೆವಳುತ್ತಿತ್ತು. ಅಕ್ಕ ದಾಪುಗಾಲು ಹಾಕಿದಳು. ಯಂತ್ರ ಆಗಲೇ ದಾಟಿ ಹೋಗಿದ್ದ ಜಾಗದಲ್ಲಿ, ಚಕ್ರದ ಗುರುತಿನ ಪಕ್ಕದಲ್ಲೇ, ಒಡೆದ ಕಲ್ಲೊಂದರೊಳಗೆ ಬಿಳಿ ಪದರ ಹೊಳೆಯಿತು. ನೀರಿನ ಗುರುತು ಇದೇ! ಧೊಪ್ಪನೆ ಮಂಡಿಯೂರಿ ಎತ್ತಿಕೊಂಡಳು.

ಆಮೇಲೆ ಮಾಡಿದ್ದನ್ನು ಹೊಲಿಗೆಯವಳಲ್ಲದೆ ಬೇರಾರೂ ಮಾಡುತ್ತಿರಲಿಲ್ಲ. ಬಟ್ಟೆಯ ಅಂಚು ಸವರುವ ಹಾಗೆ ಕಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಕೈಗವಸು ಪರ್ರನೆ ಹರಿಯಿತು. ಉಡುಪಿನೊಳಗಿನ ಗಾಳಿ ಸುಯ್ಯೆಂದು ಸೋರಿತು. ಗಂಟೆ ಬಡಿಯಿತು.

"ನೀವು ಸತ್ತ ಹಾಗೆ ಲೆಕ್ಕ," ಎಂದ ಗಾಜಿನ ಹಿಂದಿದ್ದ ಅಧಿಕಾರಿ. "ಯಂತ್ರವೇ ಹೋಗ್ಲಿ, ವಿಭಾಗ ಮುಚ್ಚಿ."

ತಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದೇ ಬಿಟ್ಟಿದ್ದ. ಮುಚ್ಚಿಕೊಳ್ಳಲಿಲ್ಲ.

"ನಿಲ್ಲಿ ಸಾರ್. ನನ್ನ ಯಂತ್ರ ಆ ಕಲ್ಲಿನ ಮುಂದೇನೇ ನಿಂತಿತ್ತು. ನೋಡಿದ್ರೂ ಬಿಟ್ಟು ಹೋಯ್ತು. ಮಂಗಳಕ್ಕೆ ಹೋದ್ರೂ ಹಾಗೇ ಬಿಟ್ಟು ಹೋಗುತ್ತೆ. ಕಂಡಿದ್ದು ಅವಳಿಗೆ."

ಗಾಜಿನ ಹಿಂದೆ ಗುಸುಗುಸು, ಜಟಾಪಟಿ. ಕೊನೆಗೆ ಹಿರಿಯ ಹೆಂಗಸೊಬ್ಬಳು ಮೈಕು ಎಳೆದುಕೊಂಡಳು.

"ಹರಿಯೋ ಗವಸಲ್ಲಿ ಯಾರನ್ನೂ ಸಾಯೋಕೆ ಕಳಿಸಲ್ಲ. ಈ ಸಲ ಯಂತ್ರ. ಆದ್ರೆ ವಿಭಾಗ ಮುಚ್ಚೋದಿಲ್ಲ. ಮುಂದಿನ ನೌಕೆಗೆ ಹೊಲೀರಿ."

ಅಕ್ಕ ಅರ್ಧ ಮಾತ್ರ ಕೇಳಿಸಿಕೊಂಡಳು. ಹೆಲ್ಮೆಟ್ಟು ಕಿತ್ತೆಸೆದು, ಗವಸನ್ನು ಒಳಹೊರಗು ಮಾಡಿ ನೋಡುತ್ತಿದ್ದಳು. ಕಣ್ಣು ಮಿನುಗುತ್ತಿತ್ತು.

"ನೋಡೋ, ಹೊಲಿಗೆ ಬಿಟ್ಟಿಲ್ಲ, ಬಟ್ಟೆ ಕೈಕೊಟ್ಟಿದೆ. ಇಲ್ಲಿ ಇನ್ನೊಂದು ಪದರ ಕೊಟ್ರೆ ಕಲ್ಲಿಗೇನು, ಚಾಕುಗೂ ಜಗ್ಗಲ್ಲ."

"ಮೊದ್ಲು ಊಟಕ್ಕೆ ಬಾರೆ ಅಕ್ಕ. ಈಗಷ್ಟೇ ಸತ್ತಿದ್ದೀಯ."

"ಸತ್ತವಳಿಗೆ ಎಂಥ ಹಸಿವು? ಕತ್ತರಿ ಕೊಡು."