ಶೈಲಜಮ್ಮನ ಕಾರಿಗೆ ಪೂಜೆ ಇಲ್ಲ

ಆಯುಧಪೂಜೆಯ ಬೆಳಿಗ್ಗೆ ಬಸವನಗುಡಿಯ ಆ ಮನೆಯಂಗಳದಲ್ಲಿ ಎರಡು ಕಾರುಗಳು ನಿಂತಿದ್ದವು. ಗೇಟಿನ ಬಳಿಯಿದ್ದದ್ದಕ್ಕೆ ಬಾನೆಟ್ ಮೇಲೆ ವಿಭೂತಿ, ಸೇವಂತಿಗೆ ಹಾರ, ಎರಡೂ ಬದಿಗೆ ಬಾಳೆಕಂದು. ಅದು ಮನೆಯ ಯಜಮಾನ ಶಂಭುಲಿಂಗಪ್ಪನವರ ತಂದೆ ಪೇಟೆಯ ಬಟ್ಟೆ ವ್ಯಾಪಾರದಲ್ಲಿ ಮೆರೆಯುತ್ತಿದ್ದಾಗ ಕೊಂಡದ್ದು, ಅಮೆರಿಕದಿಂದ ಹಡಗಿನಲ್ಲಿ ಬಂದದ್ದು. ಅದರ ಹಿಂದೆ ಬೋಳಾಗಿ ನಿಂತದ್ದು ಅವರ ಹೆಂಡತಿ ಶೈಲಜಮ್ಮ ದಿನಾ ಓಡಿಸುವ ಬಿಳಿ ಸೆಡಾನ್. ಅದಕ್ಕೆ ಒಂದು ಬೊಟ್ಟು ಕುಂಕುಮವೂ ಇಲ್ಲ.

"ಅದಕ್ಕೂ ಒಂದು ಹಾರ ತರಬಾರದಿತ್ತೇನ್ರೀ?"

"ಮಾರೋ ಕಾರಿಗೆ ಯಾಕೆ ಪೂಜೆ?" ಎಂದುಬಿಟ್ಟರು ಶಂಭುಲಿಂಗಪ್ಪ.

ಮಾರುವ ಕಾರು! ಈ ಮಾತು ಶೈಲಜಮ್ಮನ ಕಿವಿಗೆ ಬಿದ್ದದ್ದೇ ಆಗ. ಹಳೆಯ ಕಾರಿಗೆ ವಿದೇಶದಿಂದ ಟೈರು ತರಿಸಬೇಕಂತೆ, ಅದಕ್ಕೆ ಸೆಡಾನ್ ಮಾರಬೇಕಂತೆ. ಹಳೇ ಕಾರುಗಳ ಸಂಘದ ಚಕ್ರಪಾಣಿ ತಮ್ಮ ಮಗಳಿಗೆಂದು ಕೊಳ್ಳುವುದೂ ನಿಶ್ಚಯವಾಗಿದೆಯಂತೆ. ನೆಂಟರಿಷ್ಟರ ನಗು ನುಂಗಿಕೊಂಡು, ಮುದುಕಿಯಾಗುವ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತವರು ಶೈಲಜಮ್ಮ. ಆ ಕಾರು ಹೋದರೆ ಮತ್ತೆ ಯಾರನ್ನಾದರೂ ಬೇಡಿಕೊಂಡೇ ಹೊಸಿಲು ದಾಟಬೇಕು. ಒಂದು ಮಾತು ಕೇಳುವಷ್ಟೂ ಲೆಕ್ಕಕ್ಕಿಲ್ಲದವಳಾದೆನೇ ಎಂದು ಅವರ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಚಕ್ರಪಾಣಿಯೇ ಬಂದರು. ಗಂಡಸರಿಬ್ಬರೂ ಹಳೆಯ ಕಾರಿಗೆ ಪ್ರದಕ್ಷಿಣೆ ಹಾಕಿದ್ದೇ ಹಾಕಿದ್ದು.

"ಈಗಿನವೆಲ್ಲ ಬರೀ ತಗಡು ಸ್ವಾಮಿ. ಇದರ ಬಾಗಿಲು ನೋಡಿ, ಬ್ಯಾಂಕ್ ಲಾಕರ್ ಇದ್ದಂಗಿದೆ," ಎಂದರು ಚಕ್ರಪಾಣಿ.

"ಇದು ಮಹಾರಾಜ ಕಣ್ರೀ. ಅದು ಕೂಲಿ ಆಳು," ಎಂದು ಶಂಭುಲಿಂಗಪ್ಪ ಸೆಡಾನ್ ಕಡೆ ಕೈ ಬೀಸಿದರು.

ಕಾಫಿ ತಂದ ಶೈಲಜಮ್ಮ ತಟ್ಟೆಯನ್ನು ಜಗಲಿಯ ಮೇಲೆ ಕುಕ್ಕಿದರು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂದರೆ ಈ ಮಹಾರಾಜನೇ! ಸಂಘದವರ ಮುಂದೆ ಮೆರೆಯುತ್ತದೆ, ಮನೆಯವರು ಕೂತರೆ ಮಾತ್ರ ಸೀಟಿನ ಚರ್ಮ ಹಾಳಾಗುತ್ತದೆ.

"ಹೋದ ವರ್ಷ ನಿಮಗೆ ಎದೆನೋವು ಬಂದಾಗ ಮಹಾರಾಜರು ಎಲ್ಲಿದ್ರು? ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ದು ಆ ಕೂಲಿ ಆಳು. ಓಡಿಸಿದ್ದು ಇನ್ನೊಂದು ಕೂಲಿ ಆಳು, ನಾನು!"

"ಬಂದವರ ಮುಂದೆ ಏನೇ ಇದು?"

"ಬಂದವರೇ ತಗೊಳ್ಳೋರಲ್ವಾ, ಅವರಿಗೂ ಗೊತ್ತಾಗ್ಲಿ. ಚಕ್ರಪಾಣಿಯವ್ರೇ, ಕಾಫಿ ತಗೊಳ್ಳಿ. ಕಾರು ಕೊಡಲ್ಲ."

ಚಕ್ರಪಾಣಿ ಬಾಯಿ ಸುಟ್ಟುಕೊಂಡೇ ಕಾಫಿ ಮುಗಿಸಿದರು. ಶೈಲಜಮ್ಮ ಒಳಗೆ ಹೋಗಿ ಬೀಗದ ಕೈ ತಂದರು.

"ಗೇಟಿಗೆ ಅಡ್ಡ ನಿಂತಿರೋ ಮಹಾರಾಜರನ್ನ ತೆಗೀರಿ. ದೇವಸ್ಥಾನದಲ್ಲಿ ನನ್ನ ಕಾರಿಗೆ ನಾನೇ ಪೂಜೆ ಮಾಡಿಸ್ತೀನಿ."

ಶಂಭುಲಿಂಗಪ್ಪ ಮುಖ ಸಿಂಡರಿಸಿಕೊಂಡು ಹಳೆಯ ಕಾರು ಹತ್ತಿ ಸ್ಟಾರ್ಟ್ ಮಾಡಿದರು. ಅದು ಗೊರ್ ಎಂದಿತು, ಕೆಮ್ಮಿತು, ಸುಮ್ಮನಾಯಿತು. ಮತ್ತೆ ಮತ್ತೆ ಮಾಡಿದರೂ ಅಷ್ಟೇ. ಕೊನೆಗೆ ಅವರು ಸ್ಟಿಯರಿಂಗ್ ಹಿಡಿದು ಕೂತರು; ಶೈಲಜಮ್ಮ ಸೆರಗು ಸಿಕ್ಕಿಸಿ ಚಕ್ರಪಾಣಿಯ ಜೊತೆ ಹಿಂದಿನಿಂದ ತಳ್ಳಿದರು. ಹಾರ, ಬಾಳೆಕಂದುಗಳ ಸಮೇತ ಕಾರು ಬೀದಿಯ ಬದಿಗೆ ಹೋಗಿ ನಿಂತಿತು.

ಸೆಡಾನ್ ಗೇಟು ದಾಟಿದಾಗ ಶಂಭುಲಿಂಗಪ್ಪ ಇಳಿದು ಬಂದು ಕಿಟಕಿಗೆ ಬಾಗಿದರು. ದನಿ ತಗ್ಗಿತ್ತು.

"ನಾನೂ ಬರ್ಲಾ?"

ಕೇಳಿದರಲ್ಲ! ಇಷ್ಟು ವರ್ಷಗಳ ಸಂಸಾರದಲ್ಲಿ ಅವರು ಹೆಂಡತಿಯ ಅಪ್ಪಣೆ ಕೇಳಿದ್ದು ಇದೇ ಮೊದಲು. ಶೈಲಜಮ್ಮ ಗೇರ್ ಹಾಕಿದರು.

"ಬೇಡ," ಎಂದು ಗಾಡಿ ತಿರುಗಿಸಿದರು.