ದಮ್ಮು ಹತ್ತಿದ ಜೀಪು

ಸರಕಾರಿ ಜೀಪು ಏರು ಹತ್ತಲಾರದೆ ಕೆಮ್ಮಿದರೆ ಬೈಸಿಕೊಳ್ಳುವವನು ಯಾರು ಹೇಳಿ? ಜೀಪು ಮಾಡಿದವನಲ್ಲ, ಏರು ಮಾಡಿದ ದೇವರಂತೂ ಅಲ್ಲವೇ ಅಲ್ಲ. ಸ್ಟೇರಿಂಗು ಹಿಡಿದು ಕುಳಿತ ಡ್ರೈವರ. ಹೆಬ್ಬಳ್ಳಿ ಕೇರಿಯ ಗಂಗಪ್ಪ ಕಾರಹುಣ್ಣಿಮೆಯ ದಿನದಿಂದ ಹೊಟ್ಟೆ ತುಂಬ ಬೈಗುಳವನ್ನೇ ಉಣ್ಣುತ್ತಿದ್ದ.

ಅದು ಅರವತ್ಮೂರನೆಯ ಇಸವಿ. ಊರೂರು ತಿರುಗಿ ಸಿಡುಬಿನ ಲಸಿಕೆ ಹಾಕುವ ಕೆಲಸ ಭರದಿಂದ ನಡೆದಿತ್ತು. ಲಸಿಕೆಯ ಪೆಟ್ಟಿಗೆ ರೈಲಿನಲ್ಲಿ ಹುಬ್ಬಳ್ಳಿ ಸ್ಟೇಶನ್ನಿಗೆ ಬರುವುದು, ಗಂಗಪ್ಪ ಅದನ್ನು ಬರ್ಫದೊಳಗೆ ಇಟ್ಟು, ಬರ್ಫ ಕರಗುವುದರೊಳಗೆ ಧಾರವಾಡ ದಾಟಿಸಿ ಹಳ್ಳಿಗಳಿಗೆ ಮುಟ್ಟಿಸುವುದು. ಹುಣ್ಣಿಮೆಗೆ ಮುಂಚೆ ಜೀಪು ತಾಸಿಗೆ ನಲವತ್ತೈದು ಮೈಲು ಓಡುತ್ತಿತ್ತು. ಈಗ ಇಪ್ಪತ್ತು ದಾಟುವುದರೊಳಗೆ ಅದಕ್ಕೆ ದಮ್ಮು ಹತ್ತುತ್ತಿತ್ತು. ಹಿಂದಿನಿಂದ ಕರೀ ಹೊಗೆ ಬೇರೆ. ರಾಯಾಪುರದ ಏರಿನಲ್ಲಿ ಒಂದು ಮುದಿ ಕುದುರೆಯ ಟಾಂಗಾ ಜೀಪನ್ನು ಹಿಂದೆ ಹಾಕಿ ಹೋಯಿತು. ಹೋಗುವವನು ಸುಮ್ಮನೆ ಹೋಗಬೇಕೋ ಬೇಡವೋ? ಟಾಂಗಾದವನು ತಿರುಗಿ ನೋಡಿ, “ಹಗ್ಗ ಒಗೀಲೇನೋ ತಮ್ಮಾ?” ಎಂದು ಕೇಳಿದ. ಗಂಗಪ್ಪನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಅವತ್ತು ಬರ್ಫ ಕರಗಿ ನೀರಾಗಿ, ಒಂದು ಪೆಟ್ಟಿಗೆ ಲಸಿಕೆ ಕೆಟ್ಟುಹೋಯಿತು. ಪಕ್ಕದಲ್ಲಿ ಕುಳಿತಿದ್ದ ಡಾಕ್ಟರ ಸಿದ್ದಲಿಂಗಪ್ಪ ಸಾಹೇಬರು ದನಿ ಏರಿಸುವ ಮನುಷ್ಯರಲ್ಲ. ಅವರು ಸಿಟ್ಟಾದಷ್ಟೂ ಮೆಲ್ಲಗೆ ಮಾತಾಡುತ್ತಿದ್ದರು. ಅವತ್ತು ಮಾತು ಕೇಳಿಸಲು ಗಂಗಪ್ಪ ಬಾಗಬೇಕಾಯಿತು.

“ಗುರುವಾರ ಮುಂಜಾನೆ ಮತ್ತೊಂದು ಪೆಟಗಿ ಬರತೈತಿ. ಅರ್ಧ ತಾಸಿನ್ಯಾಗ ಧಾರವಾಡ ಮುಟ್ಟಬೇಕು. ಮುಟ್ಟಲಿಲ್ಲ ಅಂದ್ರ ಈ ಜೀಪು ಮುರದು ಮಾರಾಕ ಮೋಡಕಾಕ್ಕ ಬರದು ಬಿಡ್ತೀನಿ. ನೀ ಕಾರವಾರದ ಆಫೀಸಿನ್ಯಾಗ ಬಾಗಲಾ ಕಾಯಾಕ ಹೋಗು.”

ಕೇರಿಯಲ್ಲಿ ಮೋಟಾರಿನ ಚಕ್ರ ಹಿಡಿದ ಮೊದಲ ಮನುಷ್ಯ ಗಂಗಪ್ಪ. ಅವನು ಖಾಕಿ ಅಂಗಿ ಹಾಕಿಕೊಂಡು ಕೆಲಸದ ಮೇಲೆ ಊರ ಹತ್ತಿರ ಬಂದು ನಿಂತರೆ ಮುದುಕರು ಕಟ್ಟೆಯಿಂದ ಇಳಿದು ಬಂದು ಜೀಪಿನ ಮೈ ಮುಟ್ಟಿ ನೋಡುತ್ತಿದ್ದರು. ಬಾಗಿಲು ಕಾಯುವ ಕೆಲಸಕ್ಕೂ ಪಗಾರ ಬರುತ್ತದೆ, ನಿಜ. ಆದರೆ ಚಕ್ರ ಹಿಡಿದ ಕೈಗೆ ಬಾಗಿಲ ಚಿಲಕ ಹಿಡಿ ಎಂದರೆ ಹೇಗಾದೀತು?

ಬುಧವಾರ ಬೆಳಿಗ್ಗೆಯೇ ಜೀಪನ್ನು ಕೆಮ್ಮಿಸುತ್ತ ಗೋಕುಲ ರಸ್ತೆಯ ಮಕ್ತುಮಸಾಬರ ತಗಡಿನ ಶೆಡ್ಡಿಗೆ ತಂದು ನಿಲ್ಲಿಸಿದ. ಮಕ್ತುಮಸಾಬರು ಯುದ್ಧದ ಕಾಲದಲ್ಲಿ ದಂಡಿನ ಗಾಡಿಗಳಿಗೆ ಕೈಯಾಡಿಸಿದವರು. ಬೇರೆ ಮಿಸ್ತ್ರಿಗಳು ಗಾಡಿ ಬಂದ ಕೂಡಲೇ ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಂಡರೆ, ಇವರು ಚಹಾದ ಕಪ್ಪು ಎತ್ತಿಕೊಳ್ಳುತ್ತಿದ್ದರು. ಗಾಡಿ ತಂದವನನ್ನು ಎದುರಿಗೆ ಕೂರಿಸಿ, ಕಪ್ಪು ಖಾಲಿಯಾಗುವ ತನಕ ಪ್ರಶ್ನೆ ಕೇಳುವುದು ಅವರ ಪದ್ಧತಿ.

“ರೋಗಿ ಬಾಯಿ ಬಿಡಂಗಿಲ್ಲ. ತಂದಾಂವರೆ ಬಾಯಿ ಬಿಡಬೇಕು. ಹೇಳು, ಯಾವತ್ತಿಂದ ಹಿಂಗ?”

“ಕಾರಹುಣ್ಣಿಮಿ ದಿನದಿಂದ ರೀ ಕಾಕಾ.”

“ಹಿಂದಿನ ದಿನ?”

“ಕುದುರಿ ಹಂಗ ಓಡೇತಿ.”

“ಮೆಲ್ಲಕ ಮೆಲ್ಲಕ ಕಡಿಮಿ ಆತೋ, ಒಮ್ಮಿಗೆ ಆತೋ?”

“ಒಮ್ಮಿಗೇ. ಮುಂಜಾನಿ ಚಾಲೂ ಮಾಡಿದಾಗ ಛಲೋ ಇತ್ತು. ಊರು ದಾಟೂದ್ರಾಗ ದಮ್ಮು ಹತ್ತಿತು.”

ಮಕ್ತುಮಸಾಬರು ಕಪ್ಪು ಕೆಳಗಿಟ್ಟರು. ಸವೆದು ಬರುವ ರೋಗ ಒಂದೇ ದಿನದಲ್ಲಿ ಬರುವುದಿಲ್ಲ, ಒಂದೇ ದಿನದಲ್ಲಿ ಬಂದದ್ದು ಹೊರಗಿನಿಂದ ಬಂದಿರಬೇಕು ಎಂಬುದು ಅವರ ಲೆಕ್ಕ. ಆದರೂ ಒಂದೊಂದೇ ನೋಡುತ್ತ ಹೋದರು. ಜ್ಯಾಕು ಹಚ್ಚಿ ನಾಲ್ಕೂ ಚಕ್ರ ತಿರುಗಿಸಿದರು, ಬ್ರೇಕು ಎಲ್ಲೂ ಹಿಡಿದಿರಲಿಲ್ಲ. ಕ್ಲಚ್ಚು ಜಾರುತ್ತಿರಲಿಲ್ಲ. ಪಂಪು ಪೆಟ್ರೋಲನ್ನು ಚಿಮ್ಮಿಸಿತು. ಕಡೆಗೆ ಪ್ಲಗ್ಗು ಬಿಚ್ಚಿ ನೋಡಿದರೆ ನಾಲ್ಕೂ ಒಲೆಯ ಮಸಿಯಷ್ಟು ಕಪ್ಪು.

“ಇಲ್ಲಿ ನೋಡು. ಪೆಟ್ರೋಲು ಬೇಕಾದಷ್ಟು ಬರಾಕತ್ತೇತಿ, ಗಾಳಿ ಸಾಲವಲ್ದು. ಉಣ್ಣಾಕ ಐತಿ, ಉಸರಾಡಾಕ ಇಲ್ಲ.”

ಕಾರ್ಬೊರೇಟರ ಬಿಚ್ಚಿದರು, ಊದಿದರು, ತೊಳೆದರು, ಮತ್ತೆ ಹಚ್ಚಿದರು. ಜೀಪು ಕೆಮ್ಮುವುದನ್ನು ಬಿಡಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಾಯಿತು ಮಿಸ್ತ್ರಿಯ ಮತ್ತು ಜೀಪಿನ ಪಾಡು. ಮಧ್ಯಾಹ್ನದ ಹೊತ್ತಿಗೆ ಗಂಗಪ್ಪನ ಕಣ್ಣಿಗೆ ಕಾರವಾರದ ಬಾಗಿಲು ಕಾಣಿಸತೊಡಗಿತ್ತು. ಅಷ್ಟರಲ್ಲಿ ಮಡ್ಗಾರ್ಡಿನ ಮೇಲೆ ಕೈಯಿಟ್ಟಿದ್ದ ಮಕ್ತುಮಸಾಬರು ಅಂಗೈ ಕೊಡವಿ, “ಏನಲೇ ಇದು, ನಿನ್ನ ಗಾಡಿಗೆ ಇರಿವಿ ಹತ್ಯಾವಲ್ಲ?” ಎಂದರು.

ಖರೇನೇ. ಮುಂದಿನ ಚಕ್ರದಿಂದ ಹೊರಟ ಕೆಂಪಿರುವೆಗಳ ಸಾಲು ಬಾನೆಟ್ಟಿನೊಳಗೆ ಹೋಗುತ್ತಿತ್ತು.

ಗಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಗೊತ್ತಾತು ಕಾಕಾ. ಆಫೀಸಿನ ಆ ಮೈಲಾರಪ್ಪ ಡ್ರೈವರ ಪೆಟ್ರೋಲಿನ್ಯಾಗ ಸಕ್ಕರಿ ಸುರುವ್ಯಾನ. ನನ್ನ ಸೀಟಿನ ಮ್ಯಾಲೆ ಅವನ ಕಣ್ಣು ಐತಿ.”

“ತಡಿಯೋ ಮಾರಾಯಾ. ಪೆಟ್ರೋಲ ಟಾಕಿ ಎಲ್ಲೈತಿ? ನಿನ್ನ ಸೀಟಿನ ಬುಡಕ. ಇರಿವಿ ಎಲ್ಲಿ ಹೊಂಟಾವ? ಮುಂದಕ. ನಿನಗಿಂತ ಅವಕ್ಕ ದಾರಿ ಛಲೋ ಗೊತ್ತೈತಿ, ಅವನ್ನ ಕೇಳೂಣು.”

ಬಾನೆಟ್ಟನ್ನು ಮತ್ತೆ ಎತ್ತಿದರು. ಸಾಲು ಇಂಜಿನ್ನಿನ ಪಕ್ಕ ಹಾದು, ಗಾಳಿ ಸೋಸುವ ಕರೀ ಡಬ್ಬಿಯನ್ನೇರಿ, ಅದರ ಬಾಯಿಯೊಳಗೆ ಇಳಿಯುತ್ತಿತ್ತು. ಹೊರಗಿನ ಗಾಳಿ ಆ ಡಬ್ಬಿಯ ಬಾಯಿಂದ ಒಳಗೆ ಹೋಗಿ, ಅಲ್ಲಿನ ಎಣ್ಣೆ, ಜಾಲರಿಗಳಲ್ಲಿ ಧೂಳು ಕಳೆದುಕೊಂಡು, ರಬ್ಬರಿನ ಕೊಳವೆಯ ಮೂಲಕ ಇಂಜಿನ್ನಿಗೆ ಸೇರುತ್ತದೆ. ಮಕ್ತುಮಸಾಬರು ಇಂಜಿನ್ ಚಾಲೂ ಮಾಡಿಸಿ ಆ ಕೊಳವೆಯನ್ನು ಕಿತ್ತರು. ಕಿತ್ತದ್ದೇ ತಡ, ಜೀಪು ಶೆಡ್ಡಿನ ತಗಡು ಅದುರುವ ಹಾಗೆ ಗರ್ಜಿಸಿತು. ಗಂಗಪ್ಪ ಕುಳಿತಲ್ಲೇ ನಕ್ಕುಬಿಟ್ಟ. ಅವನ ಜೀಪಿನ ಹಳೆಯ ದನಿ ಅದು.

ಇನ್ನು ಡಬ್ಬಿ ಬಿಚ್ಚುವುದೊಂದೇ ಬಾಕಿ. ಬಾಯಿಗೂ ಜಾಲರಿಗೂ ನಡುವೆ, ಎಣ್ಣೆಯಲ್ಲಿ ನೆನೆದು ಉಬ್ಬಿದ ಮುದ್ದೆಯೊಂದು ಗಚ್ಚಾಗಿ ಕೂತಿತ್ತು. ಮಕ್ತುಮಸಾಬರು ಎರಡು ಬೆರಳಲ್ಲಿ ಕಿತ್ತು, ಮೂಗಿಗೆ ಹಿಡಿದರು.

“ನಲವತ್ತು ವರ್ಷ ಆತು ಈ ಕೆಲಸ ಮಾಡಾಕ ಹತ್ತಿ. ಡಬ್ಬ್ಯಾಗ ಗುಬ್ಬಿಗೂಡು ಕಂಡೀನಿ, ಇಲಿ ಕಂಡೀನಿ. ಯಾಲಕ್ಕಿ ಹಾಕಿದ ಹೋಳಿಗಿ ಇವತ್ತ ಕಂಡೆ ನೋಡಪಾ.”

ಗಂಗಪ್ಪನ ನಗು ಹಾಗೆಯೇ ಹಾರಿಹೋಯಿತು. ಹುಣ್ಣಿಮೆಯ ಹಿಂದಿನ ಸಂಜೆ ಆಫೀಸಿನಲ್ಲಿ ಯಾರನ್ನೂ ಕೇಳದೆ ಜೀಪನ್ನು ಊರಿಗೆ ಒಯ್ದಿದ್ದ. ಮರುದಿನ ಬೆಳಿಗ್ಗೆ ನೀರು ಹಾಕಿ, ಇಂಜಿನ್ ಚಾಲೂ ಮಾಡಿ, ಬಾನೆಟ್ಟು ತೆರೆದಿಟ್ಟೇ ಅಂಗಿ ಹಾಕಿಕೊಳ್ಳಲು ಒಳಗೆ ಹೋಗಿದ್ದ. ಆಗ ಅಂಗಳದಲ್ಲಿ ಇದ್ದವಳು ಒಬ್ಬಳೇ, ಅವನ ತಾಯಿ ಗುಡ್ಡವ್ವ.

ಡಬ್ಬಿ ತೊಳೆದು ಹೊಸ ಎಣ್ಣೆ ಹಾಕುತ್ತ ಮಕ್ತುಮಸಾಬರು ಬುದ್ಧಿ ಹೇಳಿದರು: “ಸಾಹೇಬ ಕೇಳಿದ್ರ ಕಾರ್ಬೊರೇಟರನ್ಯಾಗ ಕಸಾ ಕುಂತಿತ್ತು ಅನ್ನು. ಹೋಳಿಗಿ ಸುದ್ದಿ ನನ್ನ ಶೆಡ್ಡಿನ್ಯಾಗ ಇರಲಿ.”

ಜೀಪನ್ನು ಆಫೀಸಿನಲ್ಲಿ ಬಿಟ್ಟು ಆ ಸಂಜೆ ಹೆಬ್ಬಳ್ಳಿಗೆ ಬಂದ ಗಂಗಪ್ಪ ಚಪ್ಪಲಿಯನ್ನೂ ಬಿಚ್ಚದೆ ಜಗಳಕ್ಕೆ ನಿಂತ. ಗುಡ್ಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳು ಮುಚ್ಚಿಡುವ ಪೈಕಿಯವಳಲ್ಲ. ಕೈ ನಿಲ್ಲಿಸದೆಯೇ ಹೇಳಿದಳು, “ಹೌದು, ನಾನಾ ಹಾಕೀನಿ. ಎರಡು ಹಾಕೀನಿ, ತುಪ್ಪಾ ಹಚ್ಚಿ.”

“ಅದೇನು ಎತ್ತೇನಬೇ ಹೋಳಿಗಿ ತಿನ್ನಾಕ? ಅದರ ಬಾಯಿ ಅದು ಅಂತ ನಿನಗ್ಯಾರು ಹೇಳಿದ್ರು?”

“ಯಾರು ಹೇಳಬೇಕು? ಕುಂಕುಮ ಹಚ್ಚಾಕ ಕೈ ಒಯ್ದೆ, ಉಸರು ಒಳಗ ಎಳಕೊಳ್ಳಾಕತ್ತಿತ್ತು. ಉಸರು ಎಳಕೊಳ್ಳೂದು ಬಾಯಿ ಅಲ್ಲದ ಮತ್ತೇನು?” ಗುಡ್ಡವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಮಗನ ಕಡೆ ತಿರುಗಿದಳು. “ನೋಡೋ ಯಪ್ಪಾ. ನಮ್ಮ ಕೇರ್ಯಾಗ ಯಾರ ಮನಿ ಮುಂದರೆ ಎತ್ತು ನಿಂತಿತ್ತೇನು? ಹುಟ್ಟಿದಾಗಿಂದ ಮಂದಿ ಎತ್ತು ತೊಳದೀನಿ, ಮಂದಿ ಎತ್ತಿನ ಕೋಡಿಗೆ ಬಣ್ಣಾ ಹಚ್ಚೀನಿ, ಹೋಳಿಗಿ ತಿನ್ನಸೀನಿ. ಈ ವರ್ಷ ಹುಣ್ಣಿಮಿ ದಿನ ಬಾಗಲಾ ತಗದ್ರ ನನ್ನ ಮನಿ ಮುಂದ ದುಡಿಯೂದೊಂದು ನಿಂತೈತಿ. ಹಬ್ಬದ ದಿನ ಅದನ್ನ ಉಪಾಸ ಕಳಸಲ್ಯಾ?”

ಗಂಗಪ್ಪ ಚಪ್ಪಲಿ ಬಿಚ್ಚಿ ಒಳಗೆ ಬಂದು ತಾಯಿಯ ಹತ್ತಿರ ಕೂತ. ಅವಳನ್ನು ನೋಡಿ ಅವನಿಗೆ ಬಂದದ್ದು ಅಳುವೋ ನಗುವೋ ಅವನಿಗೇ ತಿಳಿಯಲಿಲ್ಲ. ಬಿಸಿ ರೊಟ್ಟಿಯನ್ನು ಮಾತ್ರ ಮೂರು ತಿಂದ.

ಗುರುವಾರ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಪೆಟ್ಟಿಗೆ ಇಳಿಯಿತು. ಸಾಹೇಬರು ಗಡಿಯಾರ ಕೈಯಲ್ಲಿ ಹಿಡಿದೇ ಹತ್ತಿ ಕೂತರು. ಜೀಪು ಊರು ದಾಟುವಷ್ಟರಲ್ಲಿ ಮೂವತ್ತೈದು ಮುಟ್ಟಿತು, ಬಯಲಿಗೆ ಬಿದ್ದಾಗ ನಲವತ್ತೈದು. ಮಳೆ ಬಿದ್ದು ಕರಿದಾದ ಹೊಲಗಳು ಎರಡೂ ಬದಿಗೆ ಹಿಂದಕ್ಕೆ ಓಡಿದವು. ರಾಯಾಪುರದ ಏರು ಬಂತು. ಗಂಗಪ್ಪ ಉಸಿರು ಹಿಡಿದ, ಜೀಪು ಹಿಡಿಯಲಿಲ್ಲ. ಗೇರು ಇಳಿಸುವ ಪ್ರಸಂಗವೇ ಬರದೆ ನೆತ್ತಿ ಹತ್ತಿಬಿಟ್ಟಿತು. ಗಂಗಪ್ಪನಿಗೆ ಹಾರಿ ಕುಣಿಯಬೇಕೆನಿಸಿತು. ಡ್ರೈವರನಾದವನು ಕುಣಿಯುವುದು ಹೇಗೆ? ಹಾರ್ನು ಹೊಡೆದು ಸುಮ್ಮನಾದ.

“ಏನಾಗಿತ್ತು ಇದಕ್ಕ?” ಎಂದು ಸಾಹೇಬರು ಕೇಳಿದರು.

“ಕಾರ್ಬೊರೇಟರನ್ಯಾಗ...” ಎಂದ ಗಂಗಪ್ಪನಿಗೆ ಮಾತು ಮುಂದೆ ಹೋಗಲಿಲ್ಲ. ಮುಚ್ಚಿಟ್ಟರೆ ಸೀಟು ಉಳಿಯುತ್ತಿತ್ತು. ಆದರೆ ಗುಡ್ಡವ್ವ ತಾನು ಮಾಡಿದ್ದನ್ನು ಒಲೆಯ ಮುಂದೆ ಎದೆ ಸೆಟೆಸಿ ಹೇಳಿದವಳು. ಅವಳ ಮಗ ಅದನ್ನು ಕಸ ಎಂದು ಕರೆದರೆ ಆ ಹಬ್ಬವೇ ಕಸವಾಗುತ್ತಿತ್ತು. ಆದದ್ದಾಗಲಿ ಎಂದು, ಕೇಳದೆ ಜೀಪು ಊರಿಗೆ ಒಯ್ದದ್ದರಿಂದ ಹಿಡಿದು ಎರಡು ಹೋಳಿಗೆಯ ತನಕ, ಅವ್ವ ಅಂದ ಮಾತು ಸಹಿತ, ಎಲ್ಲವನ್ನೂ ಹೇಳಿಬಿಟ್ಟ.

“ಗಾಡಿ ನಿಲ್ಲಸು,” ಎಂದರು ಸಾಹೇಬರು. ದನಿ ಬಹಳ ಮೆಲ್ಲಗಿತ್ತು.

ಗಂಗಪ್ಪ ಬದಿಗೆ ತಂದು ನಿಲ್ಲಿಸಿದ.

“ತುಪ್ಪಾ ಹಚ್ಚಿದ್ದಳೇನು?”

“ಹಚ್ಚಿದ್ದಳು ರೀ.”

“ಮ್ಯಾಲಿನ ಆಫೀಸಿಗೆ ಬರದು ಬರದು ನನ್ನ ಕೈ ಸೇದಿ ಹೋಗ್ಯಾವು, ಈ ಗಾಡಿಗೆ ಹೊತ್ತಿಗೆ ಸರಿಯಾಗಿ ಎಣ್ಣಿ ಕೊಡವಲ್ಲರು. ನಿಮ್ಮವ್ವ ತುಪ್ಪಾ ಕೊಟ್ಟಾಳ.” ಸಾಹೇಬರ ಮುಖ ಇನ್ನೂ ಬಿಗಿದೇ ಇತ್ತು. ಆಮೇಲೆ ಮೊದಲು ಹೊಟ್ಟೆ ಅಲುಗಿತು, ಬಳಿಕ ಹೆಗಲು, ಕಡೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗು ಬಂತು. ನಾಲ್ಕು ವರ್ಷದಲ್ಲಿ ಗಂಗಪ್ಪ ಅವರ ಹಲ್ಲು ನೋಡಿದ್ದು ಅದೇ ಮೊದಲು. “ಕೇಳದ ಗಾಡಿ ಒಯ್ದದ್ದು ತಪ್ಪು. ಅದಕ್ಕ ಬೈತೀನಿ, ಆಮ್ಯಾಲೆ. ಸೀಟು ಬಿಟ್ಟು ನೀ ಎಲ್ಲೂ ಹೋಗಬ್ಯಾಡ. ಈಗ ಬರ್ಫ ಕರಗಾಕತ್ತೇತಿ, ಹೊಡಿ.”

ಇಷ್ಟೆಲ್ಲ ನಗು ಮುಗಿಸಿಕೊಂಡೂ ಧಾರವಾಡ ಮುಟ್ಟಿದಾಗ ಇಪ್ಪತ್ತಾರು ನಿಮಿಷವಾಗಿತ್ತು.

ಅವತ್ತಿನ ಲಸಿಕೆ ಹೆಬ್ಬಳ್ಳಿಯಲ್ಲೇ. ಚಾವಡಿಯಲ್ಲಿ ಮಕ್ಕಳ ಸಾಲು ಮುಗಿಯುವಾಗ ಹೊತ್ತು ನೆತ್ತಿಯ ಮೇಲೆ ಬಂದಿತ್ತು. ಸಾಹೇಬರಿಗೆ ಊಟ ಗೌಡರ ಮನೆಯಲ್ಲಿ ಎಂಬುದು ನಡೆದುಬಂದ ಪದ್ಧತಿ. ಕರೆಯಲು ಆಳು ಬಂದು ನಿಂತಿದ್ದ. ಸಾಹೇಬರು ಕೈ ತೊಳೆದುಕೊಂಡು ಜೀಪು ಹತ್ತಿ, “ನಿಮ್ಮ ಮನಿಗೆ ನಡಿ,” ಎಂದರು. ಗಂಗಪ್ಪ ತಾನು ಕೇಳಿದ್ದು ನಿಜವೇ ಎಂದು ಎರಡು ಸಲ ತಿರುಗಿ ನೋಡಿದ. ಸಾಹೇಬರಂಥ ಮೇಲಿನ ಮನೆತನದ ಯಾರೂ ಕೇರಿಯ ಬೇವಿನ ಗಿಡ ದಾಟಿ ಈಚೆ ಬಂದದ್ದನ್ನು ಅವನು ಕಂಡಿರಲಿಲ್ಲ.

ಗುಡ್ಡವ್ವ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಳು. ಓಣಿಯ ಮಂದಿಯೆಲ್ಲ ಹೊರಗೆ ಬಂದು ನಿಂತಿತ್ತು.

“ಹೋಳಿಗಿ ಉಳದೈತೇನಬೇ?” ಎಂದು ಸಾಹೇಬರು ಕೇಳಿದರು.

“ಹಬ್ಬಾ ಆಗಿ ಎಷ್ಟು ದಿನಾತು ರೀ ಯಪ್ಪಾ. ರೊಟ್ಟಿ ಐತಿ, ಝುಣಕಾ ಐತಿ,” ಎಂದಳು ಗುಡ್ಡವ್ವ. ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. “ನಮ್ಮನ್ಯಾಗ ಉಣತೀರೇನು?”

“ಹಸದೀನಿ,” ಎಂದ ಸಾಹೇಬರು ಬೂಟು ಬಿಚ್ಚಿ ಒಳಗೆ ಬಂದು ಕಂಬಳಿಯ ಮೇಲೆ ಕೂತರು. ಗುಡ್ಡವ್ವ ತಾಟಿನಲ್ಲಿ ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಇಟ್ಟಳು. ರೊಟ್ಟಿ ಬೇಗನೆ ಮುಗಿಯಿತು. ಅವಳು ಇನ್ನೊಂದು ತಂದಾಗ ಸಾಹೇಬರು ನಾಚಿಕೆಯಿಂದ ಸಾಕು ಎನ್ನುವಂತೆ ತಾಟಿಗೆ ಕೈ ಅಡ್ಡ ಹಿಡಿದರು.

“ಕೈ ತಗೀರಿ,” ಎಂದಳು ಗುಡ್ಡವ್ವ. “ಮಾತು ಬಾರದ ಗಾಡಿಗೆ ಎರಡು ಹಾಕಿದಾಕಿ ನಾ. ಉಣ್ಣೂ ಮನಶಾಗ ಒಂದ ಹಾಕಿ ಕಳಸಲ್ಯಾ?”

ಸಾಹೇಬರು ಕೈ ತೆಗೆದು ತಾಟನ್ನು ಮುಂದೆ ಸರಿಸಿದರು.