ಹೆಲ್ಮೆಟ್ ಹಾಕಿ ಇಟ್ಟ ಎಡೆ

ನನ್ನ ಮಗಳು ನವ್ಯಶ್ರೀ ಊಟಕ್ಕೆ ಕೂತರೆ ಮೊದಲು ಬಡಿಸುವುದು ಸುದ್ದಿಯನ್ನು. ಕುಂದಾಪುರದ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಾಳೆ. ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಮೊಬೈಲು. ಆನೆಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತವಂತೆ ಎಂದು ಒಂದು ದಿನ. ಶನಿ ಗ್ರಹಕ್ಕೆ ಇನ್ನೂ ನೂರಿಪ್ಪತ್ತೆಂಟು ಚಂದ್ರರು ಸಿಕ್ಕಿದ್ದಾರಂತೆ ಎಂದು ಇನ್ನೊಂದು ದಿನ. ಅವತ್ತು ನಮ್ಮ ಐತ ಮಾವ ಊಟಕ್ಕೆ ಬಂದಿದ್ದರು. "ಶನಿಗೆ ಇದ್ದದ್ದೇ ಸಾಕಿತ್ತಲ್ಲೇ ಹೆಣ್ಣೇ, ಮತ್ತ್ ಎಂತಕೆ ಹುಡ್ಕುಕ್ ಹೋದ್ರ್?" ಎಂದು ಅವರು ಗಾಬರಿಯಾದದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಾನು ವನಜ, ಒಣಮೀನು ಮಾರುವವಳು. ಆನೆಯ ಹೆಸರು ಕಟ್ಟಿಕೊಂಡು ನನಗೇನಾಗಬೇಕು? "ಉಂಬುದ್ ಕಾಣ್, ಅನ್ನ ತಣೀತ್" ಎಂದು ಗದರಿಸಿ ಸುಮ್ಮನಾಗುತ್ತಿದ್ದೆ.

ಬೀಜಾಡಿಯಲ್ಲಿ ಕಡಲಿಗೆ ಮುಖ ಮಾಡಿ ನಮ್ಮ ಮನೆ. ಮನೆಯೆದುರಿನ ಮರಳಿನಲ್ಲಿ, ನಮ್ಮ ಮಾತಿನ ಹೊಯ್ಗೆಯಲ್ಲಿ, ಮೀನು ಒಣಗಿಸಿ ಮಾರಿಯೇ ಅಬ್ಬಿ ನನ್ನನ್ನೂ ತಮ್ಮ ರತನನನ್ನೂ ಸಾಕಿದ್ದು. ತಾಯಿಯನ್ನು ನಾವು ಅಬ್ಬಿ ಎಂದೇ ಕರೆಯುವುದು. ರತನ್ ಗಂಗೊಳ್ಳಿಯಿಂದ ಹೊರಡುವ ಬೋಟಿನಲ್ಲಿ ಕೆಲಸಕ್ಕಿದ್ದ; ಹೋದರೆ ವಾರಗಟ್ಟಲೆ ಕಡಲಲ್ಲೇ. ಕಳೆದ ಸಲ ಅವನು ಹೊರಡುವ ಬೆಳಿಗ್ಗೆ ಅಬ್ಬಿಗೆ ಎದೆ ಹಿಡಿದಂತಾಗಿತ್ತು. ಆಸ್ಪತ್ರೆಗೆ ಹೋಗೋಣ ಬಾ ಎಂದ. "ಹಾಕಿದ್ ಮೀನ್ ಒಣಗ್ಲಿ, ಮತ್ತೆ ಕಾಂಬ" ಎಂದಳು. ಅವನಿಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮನೆಯಲ್ಲಿ ಎಲ್ಲರಿಗೂ ಅದೇ ಕಾಯಿಲೆ.

"ಹಾಂಗಾರೆ ಮೀನಿನೊಟ್ಟಿಗೆ ನೀನೂ ಒಣ್ಗಿ ಸಾಯ್!" ಎಂದು ಬೈಕ್ ಹತ್ತಿ ಹೋದ.

ಮರುದಿನ ಅಬ್ಬಿ ಹೋಗಿಬಿಟ್ಟಳು. ವಯರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿಸಿ, ಬೋಟು ತಿರುಗಿಸಿ, ಅವನು ಚಿತೆಗೆ ಬೆಂಕಿ ಕೊಡುವ ಹೊತ್ತಿಗೆ ಬಂದ. ಮಾತಾಡುವ ಹೊತ್ತಿಗೆ ಬರಲಾಗಲಿಲ್ಲ.

ಸತ್ತವರ ಉತ್ತರಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ; ಬೊಜ್ಜದ ದಿನ ಎಡೆ ಇಡುವುದು ಮಗನ ಕೆಲಸ. ಸತ್ತವರು ಕಾಗೆಯಾಗಿ ಬಂದು ಉಂಡು ಹೋಗುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತು. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ರತನ್ ತಲೆ ಬೋಳಿಸಿ, ಮೀಸೆ ತೆಗೆದು, ಒದ್ದೆ ಪಂಚೆಯಲ್ಲಿ ಬಂದು ತೆಂಗಿನ ಬುಡದಲ್ಲಿ ಬಾಳೆಲೆ ಇಟ್ಟ. ಅನ್ನ, ಪಾಯಸ, ಅಬ್ಬಿಗೆ ಪ್ರಾಣವಾಗಿದ್ದ ಉದ್ದಿನ ವಡೆ. "ಕಾ ಕಾ" ಎಂದು ಕರೆದ. ಕಾಗೆಗಳು ಬಂದವು, ತೆಂಗಿನ ಗರಿ ತುಂಬ ಬಂದು ಕೂತವು. ಆದರೆ ಒಂದೂ ಕೆಳಗಿಳಿಯಲಿಲ್ಲ. ಅವನ ಕಡೆಗೆ ಕುತ್ತಿಗೆ ಚಾಚಿ ಒಂದೇ ಸಮನೆ ಕಿರುಚಾಟ. ಒಂದಂತೂ ಅವನ ಬೋಳುತಲೆಗೆ ಕುಕ್ಕುವ ಹಾಗೆ ಎರಗಿ ಹಾರಿಹೋಯಿತು. ಬಂದಿದ್ದ ನೆಂಟರೆಲ್ಲ ಮುಖ ಮುಖ ನೋಡಿಕೊಂಡರು.

ಇಂಥ ಹೊತ್ತಿನಲ್ಲಿ ಸತ್ತವರ ಆಸೆ ಏನಿರಬಹುದೆಂದು ಊಹಿಸಿ, ಗಟ್ಟಿಯಾಗಿ ಮಾತು ಕೊಡುವುದು ಕ್ರಮ. "ಅಬ್ಬೀ, ನಿನ್ನ್ ಮೀನಿನ ಕೆಲ್ಸ ನಾನ್ ಬಿಡುದಿಲ್ಲ" ಎಂದೆ. ಇಳಿಯಲಿಲ್ಲ. "ನವ್ಯನ ಮದಿ ಒಳ್ಳೆ ಕಡೆ ಮಾಡ್ತೆ" ಎಂದೆ. ನವ್ಯ ನನ್ನನ್ನು ದುರುಗುಟ್ಟಿ ನೋಡಿದಳು. ಕಾಗೆ ಅದಕ್ಕೂ ಇಳಿಯಲಿಲ್ಲ. ಕೊನೆಗೆ ರತನ್ ಹೊಯ್ಗೆಯಲ್ಲಿ ಅಡ್ಡಬಿದ್ದ.

"ತಪ್ಪಾಯ್ತ್ ಅಬ್ಬೀ. ಬಾಯಿಗ್ ಬಂದದ್ದ್ ಹೇಳ್ದೆ. ಒಂದ್ ತುತ್ತ್ ಮುಟ್ಟ್."

ಕಾಗೆಗಳ ಗಲಾಟೆ ಇನ್ನೂ ಜೋರಾಯಿತು.

ಐತ ಮಾವ ಅಬ್ಬಿಯ ತಮ್ಮ. ಮದುವೆಯಾದವರಲ್ಲ, ಮಕ್ಕಳಿಲ್ಲ, ನಾಳೆ ಅವರಿಗೆ ಬೆಂಕಿ ಕೊಡುವವನೂ ಎಡೆ ಇಡುವವನೂ ರತನನೇ. ಅವರೇ ಎದ್ದು ಬಂದು, "ಅಕ್ಕನ ಸಿಟ್ಟ್ ಇಳಿಲಿಲ್ಲ ಮಗಾ. ಎಡೆ ಕಡಲಿಗ್ ಬಿಡ್" ಎಂದರು. ಎಡೆ ಕಡಲಿಗೆ ಹೋಯಿತು. ನನ್ನ ಹೊಟ್ಟೆಯೊಳಗೂ ಬೆಂಕಿಯಿತ್ತಲ್ಲ, ಬಾಯಿ ನಿಲ್ಲಲಿಲ್ಲ. "ಸಾಯ್ ಅಂದ್ರೆ ಅಬ್ಬಿ ಸುಮ್ನೆ ಬಿಡ್ತ್ಳಾ? ಅನುಭವ್ಸ್" ಎಂದುಬಿಟ್ಟೆ.

ಆಮೇಲೆ ಅವನು ಬೋಟಿಗೆ ಹೋಗಲೇ ಇಲ್ಲ. ತಂಡೇಲ, ಅಂದರೆ ಬೋಟು ನಡೆಸುವವ, ಫೋನ್ ಮಾಡಿ ಮಾಡಿ ಸೋತ. ಜಗಲಿಯಲ್ಲಿ ಗೋಡೆಗೆ ಒರಗಿ ಕೂರುವುದು, ಎರಡು ತುತ್ತು ತಿಂದು ಏಳುವುದು. ಅಂಗಳಕ್ಕೆ ಕಾಲಿಟ್ಟರೆ ಸಾಕು, ಮೇಲಿಂದ ಕಾಗೆಗಳು ಶುರುಮಾಡುತ್ತಿದ್ದವು. "ಕೇಂಡ್ಯಾ ಅಕ್ಕಾ? ಅಬ್ಬಿ ಬೈತ್ಲ್" ಎನ್ನುತ್ತಿದ್ದ. ಮೊದಮೊದಲು ನನಗೆ ರೇಗುತ್ತಿತ್ತು. ಅವನ ಕೆನ್ನೆ ಇಳಿದುಹೋದದ್ದು ಕಂಡ ಮೇಲೆ ಹೆದರಿಕೆಯಾಯಿತು. ಅಬ್ಬಿಯನ್ನು ಕಳೆದುಕೊಂಡದ್ದಾಯಿತು, ಇವನನ್ನೂ ಕಳೆದುಕೊಳ್ಳುವುದಾ ಎಂದು ಒಲೆಯೆದುರು ಕೂತು ಅತ್ತಿದ್ದೇನೆ.

ಒಂದು ದಿನ ಅವನನ್ನು ಬಲವಂತವಾಗಿ ತರಕಾರಿಗೆಂದು ಕೋಟೇಶ್ವರಕ್ಕೆ ಕಳಿಸಿದೆ. ಬೈಕ್ ವಾಪಸು ಬಂದು ಅಂಗಳದಲ್ಲಿ ನಿಂತಾಗ ನವ್ಯ ನನ್ನ ಕೈ ಹಿಡಿದು ಎಳೆದಳು.

"ಅಮ್ಮ, ಕಾಣ್. ಕಾಕಿ ಸುಮ್ನಿತ್ತ್ ಅಲ್ದಾ? ಈಗ ಮಾವ ಹೆಲ್ಮೆಟ್ ತೆಗಿಲಿ."

ರತನ್ ಹೆಲ್ಮೆಟ್ ತೆಗೆದ. ಅಯ್ಯೋ ದೇವರೇ, ಶುರುವಾಯಿತು ನೋಡಿ ತೆಂಗಿನ ಮರದಿಂದ ಸಹಸ್ರನಾಮ!

ಆ ರಾತ್ರಿ ಊಟಕ್ಕೆ ಅವಳು ಬಡಿಸಿದ ಸುದ್ದಿಯನ್ನು ಮಾತ್ರ ನಾನು ಗದರಿಸದೆ ಕೇಳಿದೆ. ಅಮೆರಿಕದಲ್ಲಿ ಒಬ್ಬ ವಿಜ್ಞಾನಿ ವಿಕಾರವಾದ ಮುಖವಾಡ ಹಾಕಿಕೊಂಡು ಕೆಲವು ಕಾಗೆ ಹಿಡಿದರಂತೆ. ಕಾಲಿಗೆ ಗುರುತಿನ ಬಳೆ ತೊಡಿಸಿ ಬಿಟ್ಟರಂತೆ. ಆಮೇಲೆ ಆ ಮುಖವಾಡವನ್ನು ಯಾರು ಹಾಕಿಕೊಂಡು ಬಂದರೂ ಕಾಗೆಗಳು ಬೈಯುತ್ತಿದ್ದವಂತೆ. ಬೇರೆ ಮುಖವಾಡ ಹಾಕಿದರೆ ತಂಟೆಯೇ ಇಲ್ಲ. ಸಿಕ್ಕಿಬಿದ್ದ ಕಾಗೆಗಳು ಮಾತ್ರವಲ್ಲ, ಅವು ಬೈಯುವುದನ್ನು ನೋಡಿದ ಕಾಗೆಗಳೂ, ಆಮೇಲೆ ಹುಟ್ಟಿದ ಮರಿಗಳೂ ಅದನ್ನು ಕಲಿತವಂತೆ. ಬೈಗುಳ ಪೂರ್ತಿ ನಿಲ್ಲಬೇಕಾದರೆ ಹದಿನೇಳು ವರ್ಷವಾಯಿತಂತೆ.

"ಹದಿನೇಳ್ ವರ್ಷವಾ!" ಎಂದೆ. ನನ್ನ ಗಂಡನ ಅಕ್ಕನೂ ಅಷ್ಟು ವರ್ಷ ಸಿಟ್ಟು ಇಟ್ಟುಕೊಂಡವಳಲ್ಲ.

"ಮಾವ, ನೀನ್ ಕಾಕಿಗೆ ಎಂತಾರೂ ಮಾಡಿದ್ಯಾ?" ಎಂದು ನವ್ಯ ಕೇಳಿದಳು.

ರತನ್ ಬಟ್ಟಲಿನಿಂದ ತಲೆ ಎತ್ತಿದ. "ಮೀನ್ ಒಣ್ಗುವಲ್ಲಿ ಒಂದ್ ಕಾಕಿ ಕಟ್ಟಿದ್ದೆ ಅಲ್ದಾ. ಹ್ವಾದ್ ವರ್ಷದ್ ಹಿಂದಿನ್ ವರ್ಷ."

ಸರಿಯಾಗಿ ಹೇಳಿದ. ಆ ವರ್ಷ ಕಾಗೆಗಳ ಕಾಟ ವಿಪರೀತವಾಗಿತ್ತು. ಹರಡಿದ ಮೀನನ್ನು ಹರಡಿದ ಹಾಗೇ ಎತ್ತಿಕೊಂಡು ಹೋಗುತ್ತಿದ್ದವು. ಅಬ್ಬಿ ದಿನವೂ ಕಿರುಚಿ ಕಿರುಚಿ, "ಒಂದನ್ ಹೊಡ್ದ್ ಕಟ್ಟ್ ಮಾರಾಯ, ಉಳ್ದದ್ದ್ ಬಪ್ಪುದಿಲ್ಲ" ಎಂದಿದ್ದಳು. ರತನ್ ಕಲ್ಲೆಸೆದು ಒಂದನ್ನು ಬೀಳಿಸಿ, ಬಿದಿರ ಕೋಲಿಗೆ ತಲೆಕೆಳಗಾಗಿ ಕಟ್ಟಿದ್ದ. ಅದು ನೇತಾಡಿದ್ದು ನನಗೂ ನೆನಪಿದೆ. ಅವನು ಕಟ್ಟುವಾಗ ಬೀಜಾಡಿಯ ಕಾಗೆಗಳೆಲ್ಲ ಅವನ ಸುತ್ತ ಹಾರಿ ಬೊಬ್ಬೆ ಹಾಕಿದ್ದವು. ಆಮೇಲೆ ಹೆಚ್ಚಿನ ದಿನ ಅವನು ಕಡಲಲ್ಲಿ, ಊರಿಗೆ ಬಂದರೂ ಬೈಕಿನ ಮೇಲೆ. ಅವುಗಳ ಸಿಟ್ಟು ನಮ್ಮ ಗಮನಕ್ಕೆ ಬರುವುದಾದರೂ ಹೇಗೆ?

"ತಲಿ ಬೋಳ್ಸಿ, ಮೀಸಿ ತೆಗ್ದ್ರೂ ಗುರ್ತ್ ಹಿಡ್ದೊ ಅಂದ್ರೆ!" ಎಂದು ನವ್ಯ ಕಣ್ಣರಳಿಸಿದಳು. ಅವಳಿಗೆ ಅದೇ ದೊಡ್ಡ ಸಂಭ್ರಮ.

ನನಗೂ ಆ ಹುಳ ತಲೆಗೆ ಹೊಕ್ಕಿತು. ಅಂಗಿ ನೋಡಿ ಬೈಯುತ್ತಿದ್ದರೆ? ಮರುದಿನ ರತನನ ಅಂಗಿ ಹಾಕಿ, ಲುಂಗಿ ಉಟ್ಟು, ಅವನ ಹಾಗೆ ಬೆನ್ನು ಬಗ್ಗಿಸಿಕೊಂಡು ಅಂಗಳದಲ್ಲಿ ಓಡಾಡಿದೆ. ಕಾಗೆಗಳು ಕ್ಯಾರೇ ಅನ್ನಲಿಲ್ಲ. ಬೇಲಿಯಾಚೆಯ ಹೆಂಗಸರು ಮಾತ್ರ ನೋಡಿ ನಕ್ಕರು. ನಗಲಿ, ನನಗೇನು?

ತಿಂಗಳ ಎಡೆಯ ದಿನ ಹತ್ತಿರ ಬಂದಿತ್ತು. ಐತ ಮಾವನನ್ನು ಕರೆಸಿ ಎಲ್ಲ ಹೇಳಿದೆವು. ಅವರು ಎಲೆ ಅಡಿಕೆ ಜಗಿಯುತ್ತ, "ಅಮೆರಿಕದ ಕಾಕಿ ಬೇರೆ, ಬೊಜ್ಜದ ಕಾಕಿ ಬೇರೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

"ಹಾಂಗಾರೆ ಈ ಸಲ ನಾನ್ ಎಡೆ ಇಡ್ತೆ. ಕಾಕಿ ಬಂದ್ರೆ?" ಎಂದೆ.

"ಬತ್ತ್. ಬರ್ದೆ ಎಂತ? ಸಾಯ್ ಅಂದದ್ದ್ ನೀನಲ್ಲ ಅಲ್ದಾ" ಎಂದರು.

ಅದೂ ಹೌದು. ನಾನಿಟ್ಟು ಕಾಗೆ ಬಂದರೆ ಏನೂ ತೀರ್ಮಾನವಾಗುವುದಿಲ್ಲ. ಅಬ್ಬಿಗೆ ಮಗಳ ಮೇಲೆ ಸಿಟ್ಟಿಲ್ಲ, ಮಗನ ಮೇಲಿದೆ ಎಂದೇ ಆಗುತ್ತದೆ. ನವ್ಯ ಉಗುರು ಕಚ್ಚುತ್ತ ಕೂತಳು. ಸ್ವಲ್ಪ ಹೊತ್ತಿಗೆ ದಡಬಡ ಎದ್ದು ಗೂಟದಿಂದ ಹೆಲ್ಮೆಟ್ ತಂದು ಮಾವನ ಎದುರಿಗಿಟ್ಟಳು.

"ಐತಜ್ಜ, ಒಂದ್ ಕೇಣ್ತೆ. ಕಾಕಿಯೊಳ್ಗೆ ಅಜ್ಜಿ ಇದ್ರೆ, ರತನ್ ಮಾವ ಹೆಲ್ಮೆಟ್ ಹಾಯ್ಕಂಡ್ರೆ ಗುರ್ತ್ ಸಿಕ್ಕುದಿಲ್ಯಾ?"

ಮಾವನಿಗೆ ಅವಮಾನವಾದಂತಾಯಿತು. "ಎಂತ ಮಾತಾಡ್ತೆ? ಕತ್ತಲಿಯಂಗೆ ಕೆಮ್ಮಿದ್ರೂ ಅಕ್ಕ ಮಗನ್ ಗುರ್ತ್ ಹಿಡಿತಿದ್ಲ್!"

"ಹಾಂಗಾರೆ ಸಿಟ್ಟ್ ಅಜ್ಜಿದ್ ಆದ್ರೆ ಹೆಲ್ಮೆಟ್ ಹಾಕಿದ್ರೂ ಎಡೆ ಮುಟ್ಟುಕಾಗ. ಸಿಟ್ಟ್ ಕಾಕಿದ್ ಆದ್ರೆ ಮುಟ್ಟ್‌ಬೇಕ್. ಹೌದಾ ಅಲ್ದಾ?"

ಮಾವ ಜಗಿಯುವುದನ್ನು ನಿಲ್ಲಿಸಿದರು. ಹೆಲ್ಮೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹ್ಮ್. ಆಯ್ಲಿ" ಎಂದರು.

"ಮುಟ್ದೆ ಇದ್ರೆ?" ಎಂದ ರತನ್, ಮೂಲೆಯಿಂದ.

ಇಷ್ಟು ದಿನ ಅನುಮಾನವಾದರೂ ಇತ್ತು. ಹೆಲ್ಮೆಟ್ ಹಾಕಿಯೂ ಮುಟ್ಟದಿದ್ದರೆ ಅದೂ ಹೋಗುತ್ತದೆ. ಬೇಡ ಎಂದು ಹೇಳಬೇಕೆನಿಸಿತು. ಅವನೇ, "ಇಡ್ತೆ" ಎಂದ.

ಆ ದಿನ ಬೆಳಿಗ್ಗೆ ನಾನೇ ವಡೆ ಕರಿದೆ. ರತನ್ ಬಂದ: ಒದ್ದೆ ಪಂಚೆ, ಬರಿ ಮೈ, ತಲೆಗೆ ಕಪ್ಪು ಹೆಲ್ಮೆಟ್. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಕಾಗೆ ಇಳಿಯಲೆಂದು ದೇವರಿಗೆ ಕೈ ಮುಗಿದೆ. ರತನ್ ತೆಂಗಿನ ಬುಡದಲ್ಲಿ ಬಾಳೆಲೆ ಇಟ್ಟು ಹಿಂದೆ ಸರಿದು ನಿಂತು, "ಕಾ ಕಾ" ಎಂದ. ಕೊಡಪಾನದೊಳಗಿಂದ ಕೂಗಿದಂತೆ ಕೇಳಿಸಿತು.

ಒಂದು ಕಾಗೆ ಬಂದು ಗರಿಯ ಮೇಲೆ ಕೂತಿತು. ಇನ್ನೊಂದು ಬಂತು. ಕುತ್ತಿಗೆ ಓರೆ ಮಾಡಿ ಅವನನ್ನು ನೋಡಿದವು, ಎಲೆಯನ್ನು ನೋಡಿದವು. ಬೈಗುಳವಿಲ್ಲ. ನವ್ಯ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ಇಳಿದಿತ್ತು. ಮೊದಲು ಬಂದದ್ದು ಹೊಯ್ಗೆಗೆ ಇಳಿಯಿತು. ಅಡ್ಡಡ್ಡ ಹೆಜ್ಜೆ ಹಾಕುತ್ತ, ನಿಲ್ಲುತ್ತ, ರತನನ ಕಾಲ ಹತ್ತಿರವೇ ಹಾದು ಬಂದು ವಡೆಗೆ ಕೊಕ್ಕು ಹಾಕಿತು. ಅದನ್ನು ಕಂಡು ಉಳಿದವೂ ಇಳಿದವು. ಅನ್ನ ಚೆಲ್ಲಾಡಿ, ಪಾಯಸ ತುಳಿದು, ಒಂದರ ಬಾಯಿಯದನ್ನು ಇನ್ನೊಂದು ಕಿತ್ತುಕೊಂಡು ತಿಂದವು.

"ಮುಟ್ತ್!" ಎಂದು ನಾನು ಕೂಗಿಬಿಟ್ಟೆ.

ರತನನ ಹೆಗಲು ಕುಲುಕುತ್ತಿತ್ತು. ಹೆಲ್ಮೆಟ್ಟಿನ ಗಾಜಿಗೆ ಒಳಗಿಂದ ಹಬೆ ಹಿಡಿದಿತ್ತು. ಕಣ್ಣೊರೆಸಲೆಂದು ಅದನ್ನು ತೆಗೆದನೋ ಇಲ್ಲವೋ, ಕಾಗೆಗಳೆಲ್ಲ ಒಮ್ಮೆಗೇ ಎದ್ದು ಕಿರುಚತೊಡಗಿದವು. ಬೈದ ಭರಕ್ಕೆ ಒಂದರ ಬಾಯಿಂದ ವಡೆ ಕೆಳಗೆ ಬಿತ್ತು. ರತನ್ ಅದನ್ನು ನೋಡಿ ಅಳುತ್ತಳುತ್ತಲೇ ನಕ್ಕ. ಅಬ್ಬಿ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ನಗು ಬೇಗ ನಿಂತಿತು. "ಕಾಕಿ ಬರೀ ಕಾಕಿ ಅಂತಾಯ್ತ್" ಎಂದ. "ಹಾಂಗಾರೆ ಅಬ್ಬಿಗೆ ನನ್ ಮೇಲೆ ಸಿಟ್ಟ್ ಇತ್ತಾ ಇಲ್ಯಾ? ಅದನ್ ಯಾರ್ ಹೇಳುದ್?"

ನವ್ಯ ಅವನ ಹತ್ತಿರ ಹೋದಳು. "ಅದ್ ನಂಗೂ ಗೊತ್ತಿಲ್ಲೆ ಮಾವ" ಎಂದಳು ಮೆಲ್ಲಗೆ. ಅವಳ ಮೊಬೈಲಿನಲ್ಲಿ ಅದಕ್ಕೆ ಸುದ್ದಿಯಿರಲಿಲ್ಲ.

ಐತ ಮಾವ ಜಗಲಿಯಿಂದ ಇಳಿದು ಬಂದರು. "ನಾನ್ ಹೇಳ್ತೆ" ಎಂದರು. "ನೀನ್ ಕಾಕಿ ಕಟ್ಟಿ ಬೋಟಿಗೆ ಹೋದ್ ಮೇಲೆ ಊರೆಲ್ಲ ಇಲ್ಲಿ ಬಂದಿತ್ತ್. ಶನಿಯ ವಾಹನ ಕೊಂದ, ಇವಂಗೆ ಒಳ್ಳೇದಾಪ್ಪುದಿಲ್ಲ ಅಂದ್ರ್. ಹೆಚ್ಚ್ ಬೈದದ್ದ್ ನಾನೇ. ಅಕ್ಕ ಇದೇ ಹೊಯ್ಗಿ ಮೇಲೆ ನಿಂತ್, 'ಕಟ್ಟುಕ್ ಹೇಳ್ದವ್ಳ್ ನಾನ್, ಪಾಪ ಬಪ್ಪುದಾರೆ ನನ್ ತಲಿಗ್ ಬರ್ಲಿ, ಮಗನ್ ಮುಟ್ಟುಕಾಗ' ಅಂದ್ಲ್. ಶನಿ ಸಿಟ್ಟನ್ನೇ ನಿನ್ ಬದ್ಲಿಗೆ ತಲಿ ಮೇಲ್ ಹಾಯ್ಕಂಡವ್ಳ್ ಮಗಾ. ನಿನ್ ಒಂದ್ ಮಾತಿಗೆ ಸಿಟ್ಟ್ ಇಟ್ಕಂತ್ಲಾ? ಬೊಜ್ಜದ್ ದಿನ ಇದ್ ನಂಗೆ ನೆನ್ಪೇ ಆಯ್ಲಿಲ್ಲ ಕಾಣ್."

ಇದು ನನಗೂ ಗೊತ್ತಿರಲಿಲ್ಲ. ನಾನು ಆ ಹೊತ್ತಿಗೆ ಮೀನು ಹೊತ್ತು ಪೇಟೆಗೆ ಹೋಗಿದ್ದಿರಬೇಕು. ಅಬ್ಬಿ ಯಾವತ್ತೂ ಹೇಳಲಿಲ್ಲ. ರತನ್ ಅಲ್ಲೇ ಹೊಯ್ಗೆಯಲ್ಲಿ ಕೂತುಬಿಟ್ಟ. ನಾನು ಹೋಗಿ ಅವನ ಬೋಳುತಲೆಯ ಮೇಲೆ ಕೈಯಿಟ್ಟೆ. ಕೂದಲು ಸಣ್ಣಗೆ ಹುಟ್ಟಿತ್ತು. ಮೇಲಿಂದ ಕಾಗೆಗಳು ಬೈಯುತ್ತಲೇ ಇದ್ದವು, ಬೈಯಲಿ ಎಂದು ಇಬ್ಬರೂ ಕೂತೆವು.

ಅವತ್ತು ಮಧ್ಯಾಹ್ನ ಅವನು ಹೊಟ್ಟೆ ತುಂಬ ಉಂಡ. ತಂಡೇಲನಿಗೆ ತಾನೇ ಫೋನ್ ಮಾಡಿದ. ಮರುದಿನ ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿ ಬೈಕ್ ಹತ್ತುವಾಗ ಐತ ಮಾವ ದಾರಿಯಿಂದಲೇ ಕೂಗಿದರು.

"ಹ್ವಾಯ್ ರತನ, ಆ ಹೆಲ್ಮೆಟ್ ಎಲ್ಲೂ ಕಳ್ಕಣ್‌ಬೇಡ. ನಾಳೆ ನಂಗೂ ಎಡೆ ಇಡುವವ ನೀನೇ ಅಲ್ದಾ? ಅವತ್ತ್ ವಡೆ ಸಿಕ್ದೆ ಇದ್ರೆ, ನಂಗೆ ಖರೇ ಸಿಟ್ಟ್ ಬತ್ತ್ ಕಾಣ್!"